ಸೂಜಿಯಕ್ಕನ ಮೂರು ಮೆಮೊ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಅಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದ ಆಕೆಗೆ ಸೂಜಿಯಕ್ಕ ಎಂದೇ ಹೆಸರು. ನೀಲಿ ಮೇಲಂಗಿಯ ಕಾಲರಿಗೆ ದಾರ ಪೋಣಿಸಿದ ಸೂಜಿಯೊಂದು ಸದಾ ಚುಚ್ಚಿಕೊಂಡಿರುತ್ತಿತ್ತು.

ಮೊದಲೆಲ್ಲ ನಾಲ್ಕು ಜನರ ತಂಡಕ್ಕೆ ಒಂದು ವಾರ್ಡು. ಕೊಳೆ ಬಟ್ಟೆ ತಂದು, ಒಗೆದು, ಹರಿದದ್ದನ್ನು ಹೊಲಿದು, ಇಸ್ತ್ರಿ ಮಾಡಿ, ಹಾಸಿಗೆಯ ಪಕ್ಕ ಇಟ್ಟು ಬರುವ ತನಕ ಎಲ್ಲ ಅವರದೇ. ಸೂಜಿಯಕ್ಕನದು ಮಕ್ಕಳ ವಾರ್ಡು.

ಹೊಸ ಮ್ಯಾನೇಜರ್ ಬಂದವನೇ ತಂಡಗಳನ್ನು ಒಡೆದ. ತರುವವರು, ಒಗೆಯುವವರು, ಇಸ್ತ್ರಿಯವರು, ಹಂಚುವವರು ಬೇರೆ ಬೇರೆಯಾದರು. ಸೂಜಿಯಕ್ಕ ಒಗೆಯುವವರ ಪಾಲಿಗೆ ಬಂದಳು. ನಡುವೆ ಪ್ಲೈವುಡ್ ಗೋಡೆಗಳೆದ್ದವು. ಗಂಟೆಗೆ ಎಷ್ಟು ಬಟ್ಟೆ ಮುಗಿಯಿತು ಎಂದು ತೋರಿಸಲು ಒಬ್ಬೊಬ್ಬರಿಗೂ ಒಂದೊಂದು ಬೋರ್ಡು. ಕಡಿಮೆಯಾದರೆ ಕೆಂಪು ಗೆರೆ. ಹೊಲಿಗೆ ಕೆಲಸ ಯಾವ ಬೋರ್ಡಿನಲ್ಲೂ ಇರಲಿಲ್ಲ.

ಮೂರೇ ತಿಂಗಳಲ್ಲಿ ಜನರ ಮನಸ್ಸೇ ಬೇರೆಯಾಯಿತು. ಒಗೆಯುವವರು ಹರಿದ ಬೆಡ್‌ಶೀಟನ್ನು ಹಾಗೇ ಮುಂದೆ ತಳ್ಳಿದರು, ಇಸ್ತ್ರಿಯವರು ಹರುಕನ್ನು ಒಳಗೆ ಮಾಡಿ ಮಡಿಸಿದರು. ಇಷ್ಟು ವರ್ಷ ಒಂದೇ ಬುತ್ತಿಯಲ್ಲಿ ಉಂಡ ಗೆಳತಿಯೇ ಇಸ್ತ್ರಿಯವರ ಗೋಡೆಯಾಚೆಯಿಂದ, "ಅದು ನಮ್ದಲ್ಲಮ್ಮ, ನಿಮ್ ಕಡೆಯವ್ರೇ ನೋಡ್ಕೊಳ್ಲಿ" ಅಂದಳು. ಅವತ್ತು ಕೊನೆಯ ಗಂಟೆಯಲ್ಲಿ ಸೂಜಿಯಕ್ಕನೂ ಒಂದು ಹರಿದ ಬೆಡ್‌ಶೀಟನ್ನು ಮುಂದೆ ತಳ್ಳಿದಳು.

ಮಾರನೆಯ ದಿನ ಮಕ್ಕಳ ವಾರ್ಡಿನ ನರ್ಸ್ ದಡದಡ ಇಳಿದು ಬಂದಳು. ಆಪರೇಷನ್ ಆಗಿದ್ದ ಹುಡುಗಿಯೊಬ್ಬಳ ಕಾಲು ಆ ಹರುಕಿಗೆ ಸಿಕ್ಕಿ ಗಾಯ ಬಿಚ್ಚಿಕೊಂಡಿತ್ತು.

ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿಕೊಂಡ. "ನಿಮಗೆ ಬದಲಾವಣೆ ಅಂದ್ರೆ ಆಗಲ್ಲ. ಮನಸ್ಸಿಟ್ಟು ಕೆಲಸ ಮಾಡೋರೇ ಇಲ್ಲ ಇಲ್ಲಿ."

ಸೂಜಿಯಕ್ಕ ಮುಂದೆ ಬಂದಳು. "ಅದು ನನ್ನ ಕೈಯಿಂದ್ಲೇ ಹೋಗಿದ್ದು ಸಾರ್. ಹೊಲಿಯೋಕೆ ಕೂತ್ರೆ ಬೋರ್ಡು ಕೆಂಪಾಗುತ್ತೆ ಅಂತ ತಳ್ಳಿದೆ. ತಪ್ಪು ನಂದೇ. ಆದ್ರೆ ಹೋದ ವರ್ಷ ಇದೇ ಕೈ ಹಾಗೆ ಮಾಡ್ತಿರ್ಲಿಲ್ಲ. ನಾವು ಅದೇ ಜನ. ನೀವು ನಮ್ಮನ್ನ ಕೂರಿಸಿರೋ ರೀತಿ ಬೇರೆ."

"ಪಾಠ ಹೇಳ್ಬೇಡಿ. ಹೋಗಿ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ."

ಅವಳು ಹೋಗಿ ಒಗೆಯುವವರ ಮತ್ತು ಇಸ್ತ್ರಿಯವರ ನಡುವಿನ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಹೊಲಿಯತೊಡಗಿದಳು. ಬೋರ್ಡು ಕೆಂಪಾಯಿತು, ಸಂಜೆಗೆ ಮೆಮೊ ಬಂತು. ವಾರದೊಳಗೆ ಇನ್ನೆರಡು. ಮಾತು ಮೀರಿದ್ದನ್ನು ಒಪ್ಪಿ ಸಹಿ ಹಾಕಬೇಕಿತ್ತು.

"ಒಂದ್ ಸಹಿ ತಾನೇ, ಹಾಕ್ಬಿಟ್ಟು ಬಾ" ಅಂದ ಮನೆಯಲ್ಲಿ ಅವಳ ಬಸ್ ಡ್ರೈವರ್ ಗಂಡ.

"ಹರುಕು ತಳ್ಳಿದ್ದಕ್ಕೆ ಕೇಳ್ಲಿ, ಹಾಕ್ತೀನಿ. ಹೊಲಿದಿದ್ದಕ್ಕೆ ಹಾಕಲ್ಲ."

ಬಾಗಿಲ ಬಳಿಗೆ ಮೊದಲು ಬಂದವಳು ಗೋಡೆಯಾಚೆಯ ಆ ಗೆಳತಿಯೇ. ಹರಿದ ದಿಂಬಿನ ಚೀಲಗಳನ್ನು ತಂದು ಮಡಿಲಿಗೆ ಹಾಕಿ, ಮುಖ ನೋಡದೆ, "ನಂಗೂ ಒಂದು ಸೂಜಿ ಕೊಡೆ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ತಿಂಗಳು ತುಂಬುವಷ್ಟರಲ್ಲಿ ನಾಲ್ಕೂ ಕಡೆಯ ಬೋರ್ಡುಗಳೆಲ್ಲ ಕೆಂಪು. ಎಲ್ಲರಿಗೂ ಮೆಮೊ ಕೊಟ್ಟರೆ ಒಗೆಯುವವರು ಯಾರು?

ಕೊನೆಗೆ ಮ್ಯಾನೇಜರ್ ಒಂದು ಗೋಡೆ ಕೆಡವಿಸಿದ. ಮಕ್ಕಳ ವಾರ್ಡಿಗೆ ಮತ್ತೆ ಒಂದು ತಂಡವಾಯಿತು. ಉಳಿದ ವಾರ್ಡುಗಳಿಗೆ ಅದೇ ಗೋಡೆ, ಅದೇ ಬೋರ್ಡುಗಳು. ಸೂಜಿಯಕ್ಕನನ್ನು ಮಾತ್ರ ಆ ತಂಡಕ್ಕೆ ಸೇರಿಸದೆ ಕೊಳೆ ಬಟ್ಟೆ ತರಲು ಹಾಕಿದರು. ನಿವೃತ್ತಿಯವರೆಗೆ ಆರು ವರ್ಷ ಅವಳು ತಲೆಯೆತ್ತಿಕೊಂಡೇ ಗಾಡಿ ತಳ್ಳಿದಳು.

ಕೊನೆಯ ದಿನ ಕಚೇರಿಯ ಗುಮಾಸ್ತ ಮೆಲ್ಲಗೆ ಹೇಳಿದ: "ಫೈಲಲ್ಲಿ ಮೂರು ಮೆಮೊ ಇವೆ ಅಕ್ಕ. ವಿಷಾದ ಅಂತ ಎರಡು ಸಾಲು ಬರ್ಕೊಟ್ರೆ ತೆಗೆಸಿಬಿಡ್ತೀನಿ."

"ಬೇಡಪ್ಪ, ಅಲ್ಲೇ ಇರ್ಲಿ" ಎಂದು ಅವಳು ಮೇಲಂಗಿ ಕಳಚಿ ಅವನ ಮೇಜಿನ ಮೇಲಿಟ್ಟಳು.