ಕಾಕು ಓದಿದ ಬೇಸಿಗೆ ರಜೆಗಳು

ಕಾಕುವಿನ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಮದುವೆಯಾಗಿ ಬಂದ ಎರಡನೇ ವರ್ಷ ಮೇವು ಕತ್ತರಿಸುವ ಮಷೀನಿಗೆ ಸಿಕ್ಕು ಬೆರಳಿನ ತುದಿ ಹೋಗಿತ್ತು. ಗಾಯ ಮಾಗಿದ ಮೇಲೆ ಅಲ್ಲಿ ಉಳಿದದ್ದು ಹುಣಸೆಬೀಜದ ಹಾಗೆ ನುಣುಪಾದ, ಸ್ವಲ್ಪ ಹೊಳೆಯುವ ಒಂದು ಮೊಂಡು. ಆ ಬೆರಳನ್ನು ಪುಸ್ತಕದ ಸಾಲಿನ ಕೆಳಗೆ, ಅಕ್ಷರಕ್ಕೆ ತಾಗಿಯೂ ತಾಗದ ಹಾಗೆ ಸರಿಸುತ್ತ ಅವಳು ಓದುತ್ತಿದ್ದಳು.

ಅಪ್ಪನ ತಮ್ಮನಿಗೆ ನಮ್ಮ ಕಡೆ ಕಾಕಾ, ಅವನ ಹೆಂಡತಿಗೆ ಕಾಕು ಅನ್ನುತ್ತಾರೆ. ಅವಳ ತವರು ದೂಧಗಂಗಾ ಹೊಳೆಯ ಆಚೆ, ಕೊಲ್ಹಾಪುರದ ಕಡೆ. ಹತ್ತನೇ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ಸದಲಗಾದ ಹತ್ತಿರದ ನಮ್ಮೂರಿಗೆ, ನಾಲ್ಕು ಎಕರೆ ಕಬ್ಬು, ಆರು ಎಮ್ಮೆಗಳ ಮನೆಗೆ. ಮಾತಿನ ಕನ್ನಡ ಅವಳಿಗೆ ಒಂದೇ ವರ್ಷದಲ್ಲಿ ಬಂತು. ಎಮ್ಮೆಗೆ ಬೈಯುವಾಗ ಮಾತ್ರ ಮರಾಠಿ. ಆದರೆ ಕನ್ನಡ ಅಕ್ಷರ ಬರಲಿಲ್ಲ. ಕಲಿಸಬೇಕೆಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಪ್ಪ ರಾಯಬಾಗದಲ್ಲಿ ಹೈಸ್ಕೂಲ್ ಮಾಸ್ತರ. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದದ್ದೇ ತಡ, ಅಪ್ಪ, ಅವ್ವ, ನಾನು, ನನ್ನ ತಮ್ಮ ಬಸ್ಸು ಹತ್ತಿ, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಊರು ಸೇರುತ್ತಿದ್ದೆವು. ಬಟ್ಟೆಯ ಟ್ರಂಕು ಬಸ್ಸಿನ ಟಾಪಿನ ಮೇಲೆ ಹೋದರೆ, ಪುಸ್ತಕದ ಚೀಲ ಅಪ್ಪನ ತೊಡೆಯ ಮೇಲೆ ಬರುತ್ತಿತ್ತು. ಶಾಲೆಯ ಕಪಾಟಿನಿಂದ ರಜೆಗೆಂದು ಆರಿಸಿದ ಹತ್ತು ಹನ್ನೆರಡು ಪುಸ್ತಕ. ಪತ್ತೇದಾರಿ, ರಾಜ ರಾಣಿಯರ ಕಥೆ, ಸಂಸಾರದ ಕಾದಂಬರಿ, ಅಜ್ಜನಿಗೆಂದೇ ಒಂದು ಪ್ರವಾಸಕಥನ. ಅಜ್ಜ ಪಂಢರಪುರ ಬಿಟ್ಟು ಮುಂದೆ ಹೋದವನಲ್ಲ. ಆದರೆ ಹಿಮದ ಮೇಲೆ ನಡೆಯುವವರು ಕಾಲಿಗೆ ಏನು ಕಟ್ಟಿಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನದ ಊಟವಾದ ಮೇಲೆ ಬಿಸಿಲಿಗೆ ಯಾರೂ ಹೊಲಕ್ಕೆ ಹೋಗುವ ಹಾಗಿರಲಿಲ್ಲ. ಪಡಸಾಲೆಗೆ ನೀರು ಚಿಮುಕಿಸಿ, ಕಂಬಳಿ ಹಾಸಿ, ಮನೆಮಂದಿಯೆಲ್ಲ ಕೂಡುತ್ತಿದ್ದೆವು. ಅಜ್ಜ ಕಂಬಕ್ಕೆ ಒರಗಿ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಒಬ್ಬರು ಓದುವುದು, ಉಳಿದವರು ಕೇಳುವುದು. ಎಲ್ಲರಿಗೂ ನಾಲ್ಕು ನಾಲ್ಕು ಪುಟದ ಪಾಳಿ. ಅಪ್ಪನದು, ಅವ್ವನದು, ಕಾಕಾನದು, ನನ್ನದು. ಕಾಕುವಿನ ಮುಂದೆ ಪುಸ್ತಕ ಬಂದಾಗ ಅಜ್ಜ ಅನ್ನುತ್ತಿದ್ದ, "ಅಕಿಗೆ ನಮ್ಮ ಅಕ್ಷರ ಬರಂಗಿಲ್ಲ. ಮುಂದಿನವ್ರು ತಗೋರಿ."

ಅಜ್ಜನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕಾಕು ಎದ್ದು ಒಳಗೆ ಹೋಗಿ ಚಹಾ ಇಡುತ್ತಿದ್ದಳು. ಅವಳು ಚಹಾ ತರುವ ಹೊತ್ತಿಗೆ ಕಥೆ ಮುಂದೆ ಹೋಗಿರುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಆ ದಿನಗಳ ಮಾತು ಬಂದಾಗ ಅವಳು ನನಗೆ ಹೇಳಿದ್ದಳು, "ನಿಮ್ಮ ಕಥಿ ಎಲ್ಲಾ ನನಗ ತುದಿ ಗೊತ್ತು, ಬುಡ ಗೊತ್ತು. ನಡಕಿಂದು ಚಹಾದಾಗ ಹೋತು."

ನನಗೆ ಒಂಬತ್ತು ವರ್ಷವಾಗಿದ್ದಾಗಿನ ರಜೆ. ಪತ್ತೇದಾರಿ ಕಾದಂಬರಿ ಒಂದು ಮುಗಿಯುವ ಹಂತಕ್ಕೆ ಬಂದಿತ್ತು. ಕೊಲೆಗಾರ ಯಾರೆಂದು ನಮ್ಮ ನಮ್ಮಲ್ಲೇ ಜಗಳ. ಕಾಕುವಿನ ಪಾಳಿ ಬಂತು, ಅಜ್ಜ ಎಂದಿನ ಮಾತು ಶುರು ಮಾಡಿದ. ಆ ದಿನ ಅವಳು ಏಳಲಿಲ್ಲ.

"ಮಾವಾರ, ನನಗೂ ಪಾಳಿ ಬೇಕ್ರಿ" ಅಂದಳು.

ಅಜ್ಜ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ಓದಾಕ ಬಂದ್ರ ತಗೋ ಯವ್ವಾ. ಯಾರು ಬ್ಯಾಡ ಅಂದಾರ?"

"ಇವತ್ತ ಬರಂಗಿಲ್ರಿ. ಬರತೈತಿ."

ಮರುದಿನ ಬೆಳಿಗ್ಗೆ ಹಾಲು ಹಿಂಡುವ ಹೊತ್ತಿಗೆ ನನ್ನ ಹೊದಿಕೆ ಎಳೆದು ಎಬ್ಬಿಸಿದಳು. "ಏಳಬೇ ಮಾಸ್ತರನ ಮಗಳ. ನೀ ನನಗ ನಿಮ್ಮ ಅಕ್ಷರ ಹೇಳು, ನಾ ನಿನಗ ನಮ್ಮ ಅಕ್ಷರ ಹೇಳತೀನಿ. ಯಾರಿಗೂ ಪುಕ್ಕಟ ಬ್ಯಾಡ."

ಹೀಗೆ ಎಮ್ಮೆಯ ಕೊಟ್ಟಿಗೆ ನಮ್ಮ ಶಾಲೆಯಾಯಿತು. ಗೋದಲಿಯ ಸಿಮೆಂಟಿನ ಅಂಚಿನ ಮೇಲೆ ಅಪ್ಪನ ಸೀಮೆಸುಣ್ಣದ ತುಂಡಿನಿಂದ ನಾನು ಬರೆಯುತ್ತಿದ್ದೆ, ಅವಳು ಹಾಲು ಹಿಂಡುತ್ತ ಓದುತ್ತಿದ್ದಳು. ಹಿಂಡಿ ಮುಗಿದ ಮೇಲೆ ಅವಳು ಮರಾಠಿ ಬರೆಯುತ್ತಿದ್ದಳು, ನಾನು ಓದುತ್ತಿದ್ದೆ. ಒಮ್ಮೆ ಒಂದು ಎಮ್ಮೆ 'ಅ'ದಿಂದ 'ಈ'ವರೆಗೆ ನೆಕ್ಕಿಬಿಟ್ಟಿತು. "ನನಗಿಂತ ಮೊದಲ ಇದs ಕಲೀತೈತಿ ನೋಡು" ಅಂದಳು. ಬಿಡಿ ಅಕ್ಷರಗಳು ಹದಿನೈದು ದಿನದಲ್ಲಿ ಬಂದವು. ಒತ್ತಕ್ಷರಗಳು ಕಾಡಿದವು. "ನಮ್ಮ ಕಡೆ ಅಕ್ಷರ ಒಂದರ ಬಾಜೂಕ ಒಂದು ಕುಂಡರತಾವ. ನಿಮ್ಮಲ್ಲಿ ಜೋತ ಬೀಳತಾವಲ್ಲ" ಅಂತ ತಕರಾರು ತೆಗೆದಳು. ಆಮೇಲೆ ತಾನೇ ಒಂದು ದಾರಿ ಕಂಡುಕೊಂಡಳು. ಮೇಲಿನದು ಅವ್ವ, ಕೆಳಗಿನದು ಅವಳು ಎತ್ತಿಕೊಂಡ ಕೂಸು. ಮೊದಲು ಅವ್ವನನ್ನು ಮಾತಾಡಿಸಬೇಕು, ಆಮೇಲೆ ಕೂಸನ್ನು. ಈಗ ನಾನು ಶಾಲೆಯಲ್ಲಿ ಒತ್ತಕ್ಷರ ಕಲಿಸುವುದೂ ಹಾಗೆಯೇ.

ರಜೆ ಮುಗಿಯಲು ನಾಲ್ಕು ದಿನವಿರುವಾಗ ಅವಳು ಪಾಳಿ ಕೇಳಿ ತೆಗೆದುಕೊಂಡಳು. ಪತ್ತೇದಾರ ಕೋಣೆಯೊಳಗೆ ಬಂದ ಎಂದು ಅಲ್ಲಿತ್ತು. ಕಾಕು ಬೆರಳಿಟ್ಟು, ಬೆವರುತ್ತ, "ಪತ್ತೇದಾರ... ಕೋಣದೊಳಗೆ ಬಂದ" ಎಂದು ಓದಿದಳು.

ಮೊದಲು ನಕ್ಕವಳು ನಾನು. ಕಲಿಸಿದವಳೇ ನಕ್ಕ ಮೇಲೆ ಉಳಿದವರಿಗೇನು ತಡೆ? ತಮ್ಮ ಕಂಬಳಿಯ ಮೇಲೆ ಹೊರಳಿದ. ಅಜ್ಜನಿಗೆ ತಂಬಾಕು ನೆತ್ತಿಗೇರಿತು. ಕಾಕು ಪುಸ್ತಕವನ್ನು ಮೆಲ್ಲಗೆ ಮುಚ್ಚಿ, ಅಪ್ಪನ ಮುಂದೆ ಇಟ್ಟು ಒಳಗೆ ಹೋದಳು.

ಎರಡು ದಿನ ಬೆಳಿಗ್ಗೆ ಯಾರೂ ನನ್ನನ್ನು ಎಬ್ಬಿಸಲಿಲ್ಲ. ಮೂರನೆಯ ದಿನ ನಾನೇ ಎದ್ದು ಕೊಟ್ಟಿಗೆಗೆ ಹೋದೆ. ಅವಳು ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ ಹಾಲು ಹಿಂಡುತ್ತಿದ್ದಳು. ನಾನು ಗೋದಲಿಯ ಮೇಲೆ 'ಕೋಣೆ' ಎಂದು ಬರೆದು ನಿಂತೆ. ಅವಳು ತಿರುಗಿ ನೋಡಿದಳು, ಓದಿದಳು. ಆಮೇಲೆ ಹೇಳಿದಳು, "ನಗಬ್ಯಾಡ ಅನ್ನಂಗಿಲ್ಲ. ಕೋಣ ಅಂದ್ರ ಯಾರಿಗರ ನಗು ಬರತೈತಿ. ಆದ್ರ ನಕ್ಕ ಮ್ಯಾಲ ಸರಿ ಏನಂತ ಹೇಳು. ಹೇಳದs ಬರೇ ನಕ್ರ ಅದು ಎದಕ್ಕ ಬಂತು?"

ಅಷ್ಟು ಹಿರಿಯ ಹೆಂಗಸು ಒಂಬತ್ತರ ಹುಡುಗಿಗೆ ಅಷ್ಟು ನೇರವಾಗಿ ಮಾತಾಡಿದ್ದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ನಾವು ರಾಯಬಾಗಕ್ಕೆ ಮರಳುವಾಗ ಅವಳು ಅಪ್ಪನ ಚೀಲದಿಂದ ಎರಡು ಪುಸ್ತಕ ತೆಗೆದಿಟ್ಟುಕೊಂಡಳು. ದಸರೆಯ ರಜೆಗೆ ಹೋದಾಗ ಎರಡೂ ಮುಗಿದಿದ್ದವು. ಮೂರನೆಯ ಬೇಸಿಗೆಗೆ ಅವಳ ಪಾಳಿ ನಾಲ್ಕು ಪುಟಕ್ಕೆ ನಿಲ್ಲುತ್ತಿರಲಿಲ್ಲ. ಅಜ್ಜನೇ "ಅಕೀನs ಓದಲಿ. ಇಕಿ ಓದಿದ್ರ ಕಣ್ಣಮುಂದ ನಡದಂಗ ಆಗತೈತಿ" ಅನ್ನತೊಡಗಿದ. ತಿಕ್ಕಿದ ತಂಬಾಕು ಅವನ ಅಂಗೈಯಲ್ಲೇ ಉಳಿಯುತ್ತಿತ್ತು.

ಕಾಕು ಸುಮ್ಮನೆ ಓದುವವಳಲ್ಲ. ನಡುವೆ ನಿಂತು ಬರೆದವನ ಜೊತೆ ಜಗಳ ತೆಗೆಯುತ್ತಿದ್ದಳು. ಒಂದು ಕಾದಂಬರಿಯಲ್ಲಿ ಸೊಸೆ ಇಪ್ಪತ್ತು ಜನಕ್ಕೆ ಅಡುಗೆ ಮಾಡಿ, ಸೀರೆ ಸುಕ್ಕಾಗದೆ ಹೊರಗೆ ಬಂದು ಹಾಡುತ್ತಾಳೆ. "ಇದನ್ನ ಬರದಾಂವ ಅಡಗಿಮನಿ ಕಂಡಿಲ್ಲ" ಅಂದು ಆ ಪುಟ ಹಾರಿಸಿದಳು. ಅಳುವ ಜಾಗದಲ್ಲಿ ಅವಳ ದನಿ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಅವಳ ಅಣ್ಣ ಹೊಳೆಯಾಚೆಯಿಂದ ಮರಾಠಿ ಪುಸ್ತಕ ತಂದು ಕೊಟ್ಟರೆ, ಕಣ್ಣು ಮರಾಠಿಯ ಮೇಲೆ, ಬಾಯಲ್ಲಿ ಕನ್ನಡ. ಎಲ್ಲೂ ತಡೆಯುತ್ತಿರಲಿಲ್ಲ. ಕಬ್ಬಿಗೆ ನೀರು ಹಾಯಿಸಿ ಬಂದ ಕಾಕಾ ಕಾಲು ಕೂಡ ತೊಳೆಯದೆ ಹೊಸ್ತಿಲ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳುತ್ತಿದ್ದ.

ನಾನು ಬಿ.ಎಡ್. ಓದುತ್ತಿದ್ದ ವರ್ಷ ಅವಳು ಗ್ರಾಮ ಪಂಚಾಯಿತಿಗೆ ಆರಿಸಿ ಬಂದಳು. ಸೀಟು ಹೆಂಗಸರಿಗೆ ಮೀಸಲಾಗಿತ್ತು. ನಿಲ್ಲಿಸಿದವರ ಎಣಿಕೆ ಬೇರೆ ಇತ್ತು. ಸಹಿ ಅವಳದು, ಓಡಾಟ ಕಾಕಾನದು, ಮಾತು ತಮ್ಮದು. ಆ ಮೇ ತಿಂಗಳು ಒಂದು ಮಧ್ಯಾಹ್ನ ನಾವು ಓದುತ್ತ ಕೂತಾಗ ಪಂಚಾಯಿತಿಯ ಒಬ್ಬ ಹಿರಿಯ ಸದಸ್ಯರು ಕೈಯಲ್ಲಿ ಒಂದು ಹಾಳೆ ಹಿಡಿದು ಬಂದರು. ಕಾಕಾನ ಗೆಳೆಯರು, ಕಾಕುವನ್ನು ಅತ್ತಿಗೆಯೆಂದೇ ಕರೆಯುವಷ್ಟು ಮನೆಯವರ ಹಾಗೆ ಇದ್ದವರು.

"ಏನಿಲ್ಲ ವೈನಿ, ಬೀದಿ ಲೈಟಿನ ಠರಾವು. ಇಲ್ಲೊಂದು ಸಹಿ ಹಾಕ್ರಿ."

"ಕುಂದರ್ರಿ, ಚಹಾ ಕುಡೀರಿ. ಓದಿ ಹಾಕತೀನಿ."

ಅವರು ನಕ್ಕರು. "ಅದು ಕನ್ನಡದಾಗ ಐತ್ರಿ ವೈನಿ."

"ಹೌದ್ರಿ, ಕಾಣಾಕತ್ತೈತಿ" ಅಂದು ಕಾಕು ಹಾಳೆ ಮೊಣಕಾಲ ಮೇಲಿಟ್ಟುಕೊಂಡಳು. ಕಾದಂಬರಿ ಓದುವ ದನಿಯಲ್ಲೇ ಎಲ್ಲರಿಗೂ ಕೇಳುವಂತೆ ಓದಿದಳು. ಮೊದಲ ಮೂರು ಸಾಲು ಬೀದಿ ಲೈಟು. ನಾಲ್ಕನೆಯದು, ಊರಿನ ವಾಚನಾಲಯದ ಕೋಣೆಯನ್ನು, ಓದುವವರಿಲ್ಲದ ಕಾರಣ, ಗೊಬ್ಬರದ ಚೀಲ ಇಡಲು ಬಿಟ್ಟುಕೊಡುವುದು. ಯಾರ ಗೊಬ್ಬರ ಎಂದು ಬರೆದಿರಲಿಲ್ಲ. ಊರಿಗೆಲ್ಲ ಗೊತ್ತಾಗುವಂಥದ್ದೇ.

"ದೀಪ ಮೂರು ಸಾಲಿನ್ಯಾಗ ಮುಗೀತ್ರಿ. ಈ ನಾಕನೇ ಸಾಲು ಯಾರದು?"

ಅವರು ಕಾಕಾನ ಕಡೆ ನೋಡಿದರು. ನಮ್ಮೆಲ್ಲರ ಕಣ್ಣೂ ಅತ್ತ ತಿರುಗಿದವು. ಆ ಮನುಷ್ಯನ ಟ್ರ್ಯಾಕ್ಟರಿಲ್ಲದೆ ನಮ್ಮ ಕಬ್ಬು ಕಾರ್ಖಾನೆಗೆ ಹೋಗುತ್ತಿರಲಿಲ್ಲ. ಕಾಕಾ ಹೊಸ್ತಿಲ ಮೇಲೆ ಕೂತಲ್ಲೇ ಪಾದದ ಕೆಸರು ಉಜ್ಜಿಕೊಂಡ. ಆಮೇಲೆ ತಲೆ ಎತ್ತಿದ.

"ನನ್ನ ಯಾಕ ನೋಡತಿ ಮಾರಾಯಾ? ಸಹಿ ಅಕಿದು. ಅಕೀನ ಕೇಳು."

ಕಾಕು ಸಹಿ ಹಾಕಲಿಲ್ಲ. ಮುಂದಿನ ಸಭೆಯಲ್ಲಿ ಆ ಹಾಳೆಯನ್ನು ಎದ್ದು ನಿಂತು ಓದಿದಳಂತೆ. ಓದುವವರಿಲ್ಲ ಎಂದು ಬರೆದಿದ್ದಾರೆ, ನಾನಿದ್ದೇನೆ, ನಮ್ಮ ಮನೆಯ ಆರು ಜನ ಇದ್ದಾರೆ, ಬಾಗಿಲು ತೆರೆಯಿರಿ, ಉಳಿದವರೂ ಬರುತ್ತಾರೆ ಎಂದಳಂತೆ. ಇದನ್ನು ನನಗೆ ಹೇಳಿದ್ದು ಅವಳಲ್ಲ. ಸಭೆಯ ಹಿಂದಿನ ಸಾಲಿನಲ್ಲಿ ಕೂತು ಬಂದ ಅಜ್ಜ. ಎರಡು ಸಲ ಹೇಳಿದ. ಮೂರನೆಯ ಸಲ ಓಣಿಯಲ್ಲಿ ಹೋಗುವವರನ್ನು ಕರೆದು ಹೇಳಿದ. "ನಮ್ಮ ಸೊಸಿ" ಎಂದು ಅವನು ಅಂದ ಬಗೆ ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕೋಣೆ ಉಳಿಯಿತು. ಆ ವರ್ಷ ನಮ್ಮ ಕಬ್ಬು ಒಂದು ತಿಂಗಳು ತಡವಾಗಿ ಹೊಲ ಬಿಟ್ಟಿತು. ಮುಂದಿನ ಚುನಾವಣೆಯಲ್ಲಿ ಕಾಕು ಸೋತಳು. "ಚಲೋ ಆತು. ಓದಾಕ ಮಧ್ಯಾನ ಪುರಸೊತ್ತು ಸಿಕ್ತು" ಅಂದಳು. ಆಮೇಲಿನ ಬೇಸಿಗೆಗಳಲ್ಲಿ ನಮ್ಮ ಪಡಸಾಲೆಯ ಓದು ವಾಚನಾಲಯಕ್ಕೆ ಹೋಯಿತು. ಹಾಲು ಹಾಕಿ ಬಂದ ಹೆಂಗಸರು, ಕಬ್ಬು ಕಡಿಯುವವರ ಮಕ್ಕಳು, ರಜೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಲ್ಲಿ ಸೇರುತ್ತಿದ್ದರು. ಒಂದು ದಿನ ಕನ್ನಡ, ಒಂದು ದಿನ ಮರಾಠಿ. ನನ್ನ ಮಗಳು ಜೋರಾಗಿ ಓದಲು ಕಲಿತದ್ದು ಅಲ್ಲಿ, ಕಾಕುವಿನ ಮಗ್ಗುಲಲ್ಲಿ ಕೂತು.

ಹೋದ ವರ್ಷದ ಹಿಂದಿನ ವರ್ಷ, ಕಬ್ಬಿನ ಹಂಗಾಮಿನಲ್ಲಿ, ಕಾಕುವಿಗೆ ಎದೆನೋವು ಬಂತು. ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಒಯ್ದೆವು. ಆಪರೇಷನ್ನಿಗೆ ಒಪ್ಪಿಗೆಯ ಕಾಗದ ಕೊಟ್ಟರು, ಮರಾಠಿಯಲ್ಲಿತ್ತು. "ಏನ ಬರದೈತಿ ಓದವ್ವಾ" ಎಂದು ಕಾಕಾ ನನಗೆ ಕೊಟ್ಟ. ನಾನು ಅವಳ ಮಂಚದ ಪಕ್ಕದಲ್ಲೇ ನಿಂತು, ಒಂದೊಂದು ಸಾಲು ಮರಾಠಿಯಲ್ಲಿ ಓದಿ ಕಾಕಾನಿಗೆ ಕನ್ನಡದಲ್ಲಿ ಹೇಳಿದೆ. ಕಷ್ಟದ ಸಾಲು ಬಂದಾಗ ಅವಳ ಹಾಗೆ ದನಿ ಗಟ್ಟಿ ಮಾಡಿಕೊಂಡೆ. ರಕ್ತಪರೀಕ್ಷೆಗೆ ಮರಾಠಿಯಲ್ಲಿದ್ದ 'ಚಾಚಣಿ' ಎಂಬ ಮಾತು ಓದಿದಾಗ ಮಂಚದಿಂದ ಸಣ್ಣ ದನಿ ಬಂತು.

"ಚಾಚಣಿ ಅಲ್ಲಬೇ. ತ್ಸಾತ್ಸಣಿ."

ಮರಾಠಿಯ 'ಚ' ಕೆಲವು ಕಡೆ 'ತ್ಸ' ಆಗುತ್ತದೆ. ಮತ್ತೆ ಓದಿದೆ. "ಹಾಂ, ಈಗ ಸರಿ" ಅಂದು ಕಣ್ಣು ಮುಚ್ಚಿದಳು. ಆಪರೇಷನ್ ಆಯಿತು, ಮನೆಗೂ ಬಂದಳು. ನಲವತ್ತು ದಿನ ಇದ್ದಳು. ಯುಗಾದಿಗೆ ಮುಂಚೆ ಒಂದು ಬೆಳಿಗ್ಗೆ, ಹಾಲು ಕಾಯಿಸಲು ಇಟ್ಟು ಬಂದು ಪಡಸಾಲೆಯಲ್ಲಿ ಕೂತವಳು ಮತ್ತೆ ಏಳಲಿಲ್ಲ. ಮಣ್ಣಿಗೆ ಹೊಳೆಯ ಎರಡೂ ದಂಡೆಯ ಜನ ಬಂದಿದ್ದರು. ಗೊಬ್ಬರದ ಚೀಲದ ಆ ಹಿರಿಯರೂ ಬಂದು, ಚಪ್ಪಲಿ ಕಳಚಿ, ಹೊಸ್ತಿಲ ಹೊರಗೆ ಬಹಳ ಹೊತ್ತು ನಿಂತಿದ್ದರು.

ನಾನೀಗ ಕಾಗವಾಡದ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಅರ್ಧ ಮಕ್ಕಳ ಮನೆಮಾತು ಮರಾಠಿ. ಜೂನ್‌ನಲ್ಲಿ ಶಾಲೆ ಶುರುವಾದಾಗ ಕೆಲವು ತಾಯಂದಿರು ಮಗುವಿನ ಕೈ ಹಿಡಿದು ಬಾಗಿಲಲ್ಲೇ ಅಳುಕುತ್ತ ನಿಲ್ಲುತ್ತಾರೆ. ನಾನು ಅವರ ಭಾಷೆಯಲ್ಲಿ ಒಳಗೆ ಕರೆಯುತ್ತೇನೆ. ಮುಖ ಅರಳುತ್ತದೆ. ಬೆಂಚಿನ ಮೇಲೆ ಕೂತು ನಾಲ್ಕು ಮಾತಾದ ಮೇಲೆ ಎಲ್ಲರೂ ಕೇಳುವುದು ಒಂದೇ, ಟೀಚರ್, ನಿಮ್ಮ ತವರು ಹೊಳೆಯಾಚೆ ಯಾವ ಊರು?

"ನನ್ನ ತವರು ರಾಯಬಾಗ್ರಿ" ಅನ್ನುತ್ತೇನೆ. "ಮರಾಠಿ ನಮ್ಮ ಕಾಕೂದು."