ಉಬ್ಬದ ಕಿಟಕಿ

ತೊಂಬತ್ತರ ದಶಕದ ಕೊನೆಯಲ್ಲೂ ದಾವಣಗೆರೆಯಲ್ಲಿ ಫೈಬರ್‌ಗ್ಲಾಸ್ ಕಿಟಕಿ ಎಂದರೆ ಜನ ಬೆರಳಲ್ಲಿ ಕುಟ್ಟಿ ನೋಡಿ ನಗುತ್ತಿದ್ದರು. ನಾನು ಅದನ್ನೇ ಮಾರುತ್ತಿದ್ದೆ. ಹರಿಹರದ ಮೇಷ್ಟ್ರೊಬ್ಬರು ಹೊಸ ಮನೆಯ ಅಡುಗೆಮನೆಗೆ ಒಂದೇ ಒಂದು ಹಾಕಿಸಿ, ‘ಒಂದು ಮಳೆಗಾಲ ನೋಡೋಣ್ರಿ, ಉಳಿದವು ಆಮೇಲೆ’ ಅಂದಿದ್ದರು.

ಮಳೆ ಹಿಡಿದ ವಾರಕ್ಕೇ ಅವರ ಫೋನು ಬಂತು: ‘ಒಲೆ ಮ್ಯಾಲೆ ನೀರು ಬೀಳಾಕತ್ತೈತೆ, ಬರ್ರಿ.’

ಹೋಗಿ ನೋಡಿದರೆ ಕಿಟಕಿಯ ಕದಕ್ಕೂ ಚೌಕಟ್ಟಿಗೂ ನಡುವೆ ರೂಪಾಯಿ ನಾಣ್ಯ ತೂರುವಷ್ಟು ಸಂದು. ಅದನ್ನು ಕೂರಿಸಿದ ಬಡಗಿ ಬಸಣ್ಣನವರೂ ಅಲ್ಲೇ ಇದ್ದರು.

‘ಇಷ್ಟು ಸಂದು ಯಾಕ ಬಿಟ್ರಿ?’ ಎಂದು ಸಿಡುಕಿದೆ.

‘ಮಳೆಗೆ ಉಬ್ಬತೈತಲ್ರಿ, ಅದಕ್ಕ ಅಂಚು ಉಜ್ಜಿ ಸಂದು ಬಿಟ್ಟೀನಿ. ಇಲ್ದಿದ್ರ ಕದ ಹಿಡ್ಕೊಂತೈತೆ.’

‘ಇದು ಮರ ಅಲ್ಲ ಬಸಣ್ಣ. ಉಬ್ಬಲ್ಲ, ಕೊಳೆಯಲ್ಲ, ಗೆದ್ದಲು ಹಿಡಿಯಲ್ಲ.’

ಅವರು ಕದವನ್ನು ಮೆಲ್ಲಗೆ ಸವರಿದರು. ‘ಹೌದಾ? ನನಗ್ಯಾರೂ ಹೇಳ್ಲಿಲ್ಲಲ್ರಿ.’

ನಿಜ. ಈ ಮಾತನ್ನು ಮೇಷ್ಟ್ರಿಗೆ ಹೇಳಿದ್ದೆ, ಅವರ ಮನೆಯವರಿಗೆ ಹೇಳಿದ್ದೆ, ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಟ್ಟಿರಲಿಲ್ಲ. ಕಿಟಕಿ ಕೂರಿಸುವವರಿಗೆ ಮಾತ್ರ ಹೇಳಿರಲಿಲ್ಲ.

ಮೇಷ್ಟ್ರು ಉಳಿದ ಕಿಟಕಿಗೆಲ್ಲ ಮರವನ್ನೇ ಹಾಕಿಸಿದರು. ಅವುಗಳಿಗೂ ಬಸಣ್ಣ ಬಿಟ್ಟ ಸಂದನ್ನು ಮರುವರ್ಷದ ಮಳೆಯಲ್ಲಿ ಮರ ಯಾರೂ ಹೇಳದೆಯೇ ಉಬ್ಬಿ ತುಂಬಿಕೊಂಡಿತು.