ಟೈಲರಕ್ಕನ ಬೋರ್ಡು

ಟೈಲರಕ್ಕನ ತುಟಿಗಳ ನಡುವೆ ಸದಾ ಎರಡು ಮೂರು ಗುಂಡುಸೂಜಿಗಳಿರುತ್ತಿದ್ದವು. ಮಾತೆಲ್ಲ ಬಾಯಿಯ ಎಡತುದಿಯಿಂದ. ನಗು ಬಂದರೆ ಮಾತ್ರ ಸೂಜಿ ತೆಗೆದು ರವಿಕೆಯ ತೋಳಿಗೆ ಚುಚ್ಚಿಕೊಂಡು, ಆಮೇಲೆ ನಗುತ್ತಿದ್ದರು.

ಆ ಬೆಳಿಗ್ಗೆ ಹಾಲು ಕಾಯಿಸಿ, ದೋಸೆ ಎರೆದು, ಎಂದಿನಂತೆ ನಮ್ಮ ಮನೆಯ ರಸ್ತೆ ಬದಿಯ ಮುಂದಿನ ಕೋಣೆಯೆದುರು ಗುಡಿಸುವಾಗ ಅವರ ಬೋರ್ಡಿನ ಧೂಳನ್ನೂ ಒರೆಸಿದೆ. ಆಮೇಲೆ ಪಂಚಾಯತಿನ ಫಾರಂ ಬ್ಯಾಗಿಗೆ ಹಾಕಿಕೊಂಡು ಕಾಸರಗೋಡಿಗೆ ಹೋಗಿ, ಅಲ್ಲಿಂದ ಅವರು ಈಗ ಇರುವ ಮುಳ್ಳೇರಿಯದ ಬಸ್ಸು ಹತ್ತಿದೆ.

ಹನ್ನೊಂದು ವರ್ಷ ನಮ್ಮ ಆ ಕೋಣೆಯಲ್ಲಿ ಬಾಡಿಗೆಗಿದ್ದು ರವಿಕೆ ಹೊಲಿದವರು ಅವರು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ನನ್ನ ಹೆಮ್ಮಿಂಗ್ ನೋಡಿ, "ಚಂದ ಉಂಟು. ಆದರೆ ಇದು ಮಾರ್ಕಿಗೆ ಹಾಕಿದ ಹೊಲಿಗೆ, ಮೈಗೆ ಹಾಕುವದ್ದಲ್ಲ" ಅಂದಿದ್ದರು. ಅಳತೆ ತೆಗೆಯುವಾಗ ಎಲ್ಲ ಹೆಂಗಸರಿಗೂ ಒಂದೇ ಮಾತು: "ಹೊಟ್ಟೆ ಒಳಗೆ ಎಳೀಬೇಡಿ. ಈಗ ಸುಳ್ಳು ಹೇಳಿದರೆ ಮದುವೆಮನೆಯಲ್ಲಿ ಹುಕ್ಕು ಹೇಳಿಬಿಡ್ತದೆ."

ಎರಡು ವರ್ಷದ ಹಿಂದೆ ಅವರಿಗೆ ಸೂಜಿಯ ಕಣ್ಣು ಕಾಣದಾಯಿತು. ನರದ ತೊಂದರೆ ಎಂದರು ಡಾಕ್ಟರು. ಮುಳ್ಳೇರಿಯದ ತಮ್ಮನ ಮನೆಗೆ ಹೊರಟಾಗ, "ಬೋರ್ಡು ಇಳಿಸಬೇಡಿ ಆಯ್ತಾ? ಕಣ್ಣು ಸರಿಯಾದ ಕೂಡಲೇ ಬರ್ತೇನೆ" ಅಂದರು. ನಾನು ಇಳಿಸಲಿಲ್ಲ. ಅಷ್ಟೇ ಅಲ್ಲ, ಹೊಲಿಗೆ ಅಂಗಡಿಯ ಲೈಸೆನ್ಸ್ ಮುಗಿಯುತ್ತದೆಂದು ಅವರ ಹೆಸರಿಗೆ ಕಾಗದ ಬಂದಾಗ, ಎರಡು ಸಲವೂ ನಾನೇ ಹೋಗಿ ನವೀಕರಿಸಿ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹರಕೆಯ ಹಾಗೆ.

ಕೋಣೆಗೆ ಈಗ ದೋಸೆ ಹಿಟ್ಟು ರುಬ್ಬಿ ಮಾರುವ, ಕೈಗೂಸಿನ ಹುಡುಗಿಯೊಬ್ಬಳು ಬಂದಿದ್ದಳು. ಗ್ರೈಂಡರ್ ತಂದಿಟ್ಟಾಗಿತ್ತು. ಪಂಚಾಯತಿನಲ್ಲಿ ಮಾತ್ರ, ಆ ಕೋಣೆಯ ನಂಬರಿನಲ್ಲಿ ಇನ್ನೊಂದು ಅಂಗಡಿ ಉಂಟು, ಅದು ಯಾರ ಹೆಸರಲ್ಲಿದೆಯೋ ಅವರು ಸಹಿ ಹಾಕಿ ರದ್ದು ಮಾಡಿಸದೆ ಹೊಸ ಲೈಸೆನ್ಸ್ ಆಗುವುದಿಲ್ಲ ಅಂದರಂತೆ. ಒಂದು ಸಹಿ. ಆದರೆ ಅದನ್ನು ಕೇಳುವುದೆಂದರೆ, ನಿಮ್ಮ ಕಣ್ಣು ಇನ್ನು ಸರಿಯಾಗುವುದಿಲ್ಲ ಎಂದು ನಾನೇ ಹೇಳಿದ ಹಾಗೆ.

ಟೈಲರಕ್ಕ ಜಗಲಿಯಲ್ಲಿ ಕೂತು ಪಲ್ಯಕ್ಕೆ ಅಲಸಂಡೆ ಮುರಿಯುತ್ತಿದ್ದರು. ತುಂಡುಗಳೆಲ್ಲ ಒಂದೇ ಅಳತೆ. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತಿಸಿದರು. ಬಸ್ಸಿನ ರಶ್ಶು, ಸೆಕೆ, ಮೀನಿನ ಕ್ರಯ ಎಲ್ಲ ಮಾತಾಡಿದೆ. ಫಾರಂ ಬ್ಯಾಗಿನಲ್ಲೇ ಇತ್ತು.

ಕೊನೆಗೆ ಅವರೇ, "ಎಂತ, ಹೊಟ್ಟೆ ಒಳಗೆ ಎಳ್ಕೊಂಡು ಕೂತಿದ್ದೀರಿ? ಬಿಡಿ, ಹೇಳಿ" ಅಂದರು.

ಫಾರಂ ವಿಷಯ ಹೇಳಿದೆ. ನವೀಕರಿಸಿದ್ದನ್ನೂ. ಅಲಸಂಡೆಯ ಮೇಲಿನ ಕೈ ನಿಂತಿತು.

"ಎರಡು ವರ್ಷ ನನ್ನ ಅಂಗಡಿ ನಡೆಸಿದ್ದು ನೀವಾ? ಒಂದು ಬಟನ್ ಹೊಲೀಲಿಕ್ಕೆ ಬಾರದವರು!"

ನಗುವ ಮೊದಲು ಕೈ ತುಟಿಯವರೆಗೆ ಹೋಯಿತು. ಅಲ್ಲಿ ಸೂಜಿ ಇರಲಿಲ್ಲ.

"ಎಲ್ಲಿ ಹಾಕಬೇಕು?" ಎಂದು ಕಾಗದವನ್ನು ಮಣೆಯ ಮೇಲೆ ಹಾಸಿ ಸವರಿದರು. ನಾನು ಅವರ ಬೆರಳು ಹಿಡಿದು ತೋರಿಸಿದ ಜಾಗದಲ್ಲಿ, ಬಟ್ಟೆಗೆ ಗುರುತು ಮಾಡುವ ಹಾಗೆ ಹೆಬ್ಬೆರಳಿನ ಉಗುರಿನಿಂದ ಒಂದು ಗೆರೆ ಒತ್ತಿ ಎಳೆದರು. ಎಡಗೈಯಿಂದ ಆ ಗೆರೆಯನ್ನು ತಡವುತ್ತ ಅದರ ಮೇಲೆ ಸಹಿ ಮಾಡಿದರು. ಒಂದಕ್ಷರ ಓರೆಯಾಗಲಿಲ್ಲ.

"ಆ ಹುಡುಗಿಗೆ ಹೇಳಿ, ಪಡುಬದಿಯ ಕಿಟಕಿ ಮಧ್ಯಾಹ್ನ ಮುಚ್ಚಲಿಕ್ಕೆ. ಬಿಸಿಲು ಬಿದ್ದರೆ ಹಿಟ್ಟು ಹುಳಿ ಬರ್ತದೆ." ನಾನು ಮೆಟ್ಟಿಲಿಳಿಯುವಾಗ ಮತ್ತೊಂದು ಮಾತು: "ಬೋರ್ಡು ನೀವೇ ಇಳಿಸಿ. ಬೇರೆಯವರ ಕೈಯಲ್ಲಿ ಬೇಡ."

ಕಣ್ಣಿನ ಮಾತನ್ನು ನಾನು ಎತ್ತಬೇಕಾಗದ ಹಾಗೆ ಅವರೇ ನೋಡಿಕೊಂಡರು. ಆ ಉಪಕಾರದ ಋಣ ನನ್ನ ಮೇಲೆ ಹಾಗೆಯೇ ಇದೆ.

ಸಂಜೆ ಸ್ಟೂಲು ಹತ್ತಿ ಬೋರ್ಡು ಇಳಿಸಿ, ಸೆರಗಿನಿಂದ ಒರೆಸಿ ಒಳಗೆ ತರುತ್ತಿದ್ದೆ. ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುತ್ತ ಕಾಂಪೌಂಡಿನಾಚೆಯಿಂದ ನೋಡಿದರು.

"ಓ, ಇಳಿಸಿದ್ರಾ? ಹಾಗಾದ್ರೆ ನನ್ನ ರವಿಕೆ ಬಟ್ಟೆ ಇನ್ನು ಬೇರೆ ಯಾರಿಗಾದ್ರೂ ಕೊಡಬೇಕಲ್ಲ ಮಾರಾಯ್ತಿ. ಎರಡು ವರ್ಷದಿಂದ ಹಾಗೇ ಇಟ್ಟಿದ್ದೆ."